ನಾಲ್ಕನೇ ಜ್ವರ ಎದ್ದ ವಾರ ಹೊಸ ಪದ ಬೇಡ

ಇದು ನನ್ನ ತಂಗಿಯ ಪ್ರಕರಣ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ, ಹೆಸರು ಮಾತ್ರ ಹಾಕಬೇಡ ಅಂದಿದ್ದಾಳೆ.

ಅವಳನ್ನು ಕೋಲಾರ ತಾಲ್ಲೂಕಿನ ವೇಮಗಲ್ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದೇವೆ. ನರಸಾಪುರ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಕ್ವಾಲಿಟಿ ವಿಭಾಗದಲ್ಲಿ ಕೆಲಸ. ಒಂದು ವಾರ ಬೆಳಗ್ಗೆ 6ರ ಶಿಫ್ಟ್, ಮುಂದಿನ ವಾರ ಮಧ್ಯಾಹ್ನ 2ರ ಶಿಫ್ಟ್. ಮನೆಯಲ್ಲಿ ಹಿಪ್ಪುನೇರಳೆ ತೋಟ, ರೇಷ್ಮೆ ಹುಳು, ಎರಡು ಸೀಮೆ ಹಸು, ಒಂದನೇ ಕ್ಲಾಸಿನ ಮಗಳು, ಗಂಡ, ಅತ್ತೆ, ನಾದಿನಿ. ಇಷ್ಟರ ನಡುವೆ 2022ರ ಜನವರಿಯಲ್ಲಿ ಅವಳು ಜಪಾನಿ, ಜರ್ಮನ್, ಸ್ಪ್ಯಾನಿಷ್ ಮೂರೂ ಕಲಿಯುತ್ತೇನೆ ಅಂತ ಹೊರಟಳು.

ಮೂರು ಯಾಕೆ ಅಂತ ಎಲ್ಲರೂ ಕೇಳಿದರು. ಜಪಾನಿಗೆ ಕಾರಣ ಕೆಲಸ. ಫ್ಯಾಕ್ಟರಿಗೆ ಆಗಾಗ ಜಪಾನಿನ ಎಂಜಿನಿಯರ್‌ಗಳು ಬರುತ್ತಾರೆ, ದುಭಾಷಿ ಇಲ್ಲದ ದಿನ ಎರಡೂ ಕಡೆಯವರು ಬೆರಳು ತೋರಿಸಿಕೊಂಡು ಮಾತಾಡಬೇಕು. ಜರ್ಮನ್‌ಗೆ ಕಾರಣ ನಾದಿನಿ. ಅವಳು ನರ್ಸಿಂಗ್ ಮುಗಿಸಿ ಜರ್ಮನಿಗೆ ಹೋಗಬೇಕು ಅಂತ ಓದುತ್ತಿದ್ದಾಳೆ. ಅಲ್ಲಿ ನರ್ಸ್ ಆಗಿ ನೋಂದಣಿ ಆಗಬೇಕಾದರೆ ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಬೇಕು, ಅದಕ್ಕಿಂತ ಮೊದಲು ಬಿ1 (ಮಟ್ಟಗಳು ಕೆಳಗಿಂದ ಮೇಲಕ್ಕೆ ಎ1, ಎ2, ಬಿ1, ಬಿ2, ಹೀಗೆ). ಮನೆಯಲ್ಲಿ ಅವಳ ಜೊತೆ ಜರ್ಮನ್ ಮಾತಾಡುವವರು ಯಾರೂ ಇರಲಿಲ್ಲ. ಸ್ಪ್ಯಾನಿಷ್‌ಗೆ ಕಾರಣ ಇಷ್ಟ, ಅಷ್ಟೇ. ಕೇಳಲು ಹಿತವಾಗಿದೆ ಅಕ್ಕ ಅಂದಳು. ಇಷ್ಟ ಅನ್ನೋದೂ ಒಂದು ಕಾರಣವೇ ಅಂತ ನಾನು ಒಪ್ಪಿಕೊಂಡೆ.

ನಾನು ಕೋಲಾರದಲ್ಲಿ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಹಾಗಾಗಿ ಮೊದಲನೇ ವೇಳಾಪಟ್ಟಿ ಹಾಕಿಕೊಟ್ಟವಳು ನಾನೇ. ಸೋಮವಾರ, ಮಂಗಳವಾರ ಜಪಾನಿ. ಬುಧವಾರ, ಗುರುವಾರ ಜರ್ಮನ್. ಶುಕ್ರವಾರ, ಶನಿವಾರ ಸ್ಪ್ಯಾನಿಷ್. ಭಾನುವಾರ ಮೂರರದ್ದೂ ಪುನರಾವರ್ತನೆ. ದಿನಾ ರಾತ್ರಿ 9ರಿಂದ 10. ಕಾರ್ಡ್‌ಶೀಟ್ ಮೇಲೆ ಬಣ್ಣದ ಪೆನ್ನಿನಲ್ಲಿ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿದೆವು. ಐದನೇ ವಾರಕ್ಕೆ ಅದು ಬಿದ್ದುಹೋಯಿತು.

ಎಲ್ಲಿ ಬಿತ್ತು ಅನ್ನೋದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಮಧ್ಯಾಹ್ನದ ಶಿಫ್ಟ್ ಇದ್ದ ವಾರ ರಾತ್ರಿ 9ಕ್ಕೆ ಅವಳು ಫ್ಯಾಕ್ಟರಿಯಲ್ಲೇ ಇರುತ್ತಾಳೆ. ಅಂದರೆ ಎರಡು ವಾರಕ್ಕೊಮ್ಮೆ ನನ್ನ ವೇಳಾಪಟ್ಟಿ ಪೂರ್ತಿ ಸುಳ್ಳು. ಅದನ್ನು ಹೇಗೋ ಬೆಳಗ್ಗೆಗೆ ತಳ್ಳಿಕೊಂಡು ಒಂದು ತಿಂಗಳು ಓಡಿಸಿದಳು. ಆಮೇಲೆ ಹುಳು ನಾಲ್ಕನೇ ಜ್ವರ ಎದ್ದವು.

ರೇಷ್ಮೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಜ್ವರಕ್ಕೆ ಕೂತ ಹುಳು ತಲೆ ಎತ್ತಿ ಸುಮ್ಮನೆ ನಿಲ್ಲುತ್ತದೆ, ಸುಮಾರು ಒಂದು ದಿನ ಸೊಪ್ಪು ಮುಟ್ಟುವುದಿಲ್ಲ. ಆಗ ನಾವೂ ಸೊಪ್ಪು ಹಾಕಬಾರದು, ಸುಣ್ಣದ ಪುಡಿ ಉದುರಿಸಿ ಬಿಟ್ಟುಬಿಡಬೇಕು. ನಾಲ್ಕನೇ ಜ್ವರ ಎದ್ದ ಮೇಲೆ ಮಾತ್ರ ಕಥೆ ಬೇರೆ. ಹುಳು ತನ್ನ ಇಡೀ ಜೀವನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಭಾಗವನ್ನು ಈ ಕೊನೆಯ ಒಂದು ವಾರದಲ್ಲೇ ತಿನ್ನುತ್ತದೆ. ಹುಳುಮನೆಯೊಳಗೆ ನಿಂತರೆ ಸೊಪ್ಪು ಕಡಿಯುವ ಸದ್ದು ಸಣ್ಣ ಮಳೆ ಬಿದ್ದಂಗೆ ಕೇಳುತ್ತದೆ. ಆ ವಾರ ಮನೆಯವರಿಗೆ ನಿದ್ದೆ ಇಲ್ಲ, ಊಟಕ್ಕೆ ಹೊತ್ತು ಗೊತ್ತಿಲ್ಲ.

ಆ ವಾರದ ಏಳನೇ ದಿನ ತಂಗಿ ಫೋನ್ ತೆಗೆದು ನೋಡಿದರೆ ಆಂಕಿ ಆ್ಯಪ್‌ನಲ್ಲಿ 412 ಕಾರ್ಡ್ ಬಾಕಿ. ಆಂಕಿ ಅಂದರೆ ಜಪಾನಿ ಭಾಷೆಯಲ್ಲೇ ಬಾಯಿಪಾಠ ಅಂತ ಅರ್ಥ. ಒಂದು ಪದವನ್ನು ಮರೆಯುವ ಹೊತ್ತಿಗೆ ಸರಿಯಾಗಿ ಮತ್ತೆ ಮುಂದೆ ತಂದು ನಿಲ್ಲಿಸುವುದು ಅದರ ಕೆಲಸ. ಇವತ್ತು, ಮೂರು ದಿನ ಬಿಟ್ಟು, ವಾರ ಬಿಟ್ಟು, ತಿಂಗಳು ಬಿಟ್ಟು, ಹೀಗೆ. ಪದ್ಧತಿ ಒಳ್ಳೆಯದೇ. ಆದರೆ ಅವಳು ಮೂರು ಭಾಷೆಗೂ ಸೇರಿಸಿ ದಿನಕ್ಕೆ 20 ಹೊಸ ಕಾರ್ಡ್ ಹಾಕಿಕೊಳ್ಳುತ್ತಿದ್ದಳು. ಇವತ್ತು ಹಾಕಿದ ಹೊಸ ಪದ ಇವತ್ತಿಗೆ ಮುಗಿಯಲ್ಲ, ಮುಂದಿನ ಎರಡು ಮೂರು ವಾರದ ಕೆಲಸಕ್ಕೆ ಅದು ಮುಂಗಡ ಚೀಟಿ. ಬಿಡುವಿದ್ದ ವಾರ ಹುಮ್ಮಸ್ಸಿನಲ್ಲಿ ಹಾಕಿಕೊಂಡದ್ದೆಲ್ಲ ಬಿಡುವೇ ಇಲ್ಲದ ವಾರ ಬಂದು ಬಾಗಿಲು ತಟ್ಟಿತು. 'ನನ್ನ ಕೈಲಾಗಲ್ಲ ಅಕ್ಕ' ಅಂತ ರಾತ್ರಿ 12ಕ್ಕೆ ಫೋನ್ ಮಾಡಿದಳು. ಆ ದನಿ ನನಗೆ ಇನ್ನೂ ನೆನಪಿದೆ. ತಪ್ಪು ಅವಳದಲ್ಲ, ನನ್ನದು. ಶಾಲೆಯ ಪೀರಿಯಡ್ ಥರ ಅವಳ ಬದುಕನ್ನು ಕತ್ತರಿಸಲು ಹೋಗಿದ್ದೆ.

ಆ ಬೆಳೆ ಗೂಡು ಕಟ್ಟಿದ ಮೇಲೆ ಇಬ್ಬರೂ ಕೂತೆವು. ಎರಡು ವಾರ ಏನೂ ಓದಬೇಡ, ಬರೀ ದಿನ ಹೇಗೆ ಹೋಗುತ್ತೆ ಅಂತ ಬರೆದಿಡು ಅಂದೆ. ಒಂದು ಸಣ್ಣ ಲೆಕ್ಕದ ಪುಸ್ತಕ, ಹಾಲಿನ ಲೆಕ್ಕ ಬರೆಯುವಂಥದ್ದು. ಅದರಲ್ಲಿ ಬರೆದುಕೊಂಡು ಬಂದಳು. ನೋಡಿದರೆ ಸಮಯ ಇಲ್ಲ ಅನ್ನೋದು ಅರ್ಧ ಮಾತ್ರ ನಿಜ. ಕಿವಿ ಖಾಲಿ ಇರುವ ಹೊತ್ತು ವಾರಕ್ಕೆ ಸುಮಾರು 11 ಗಂಟೆ ಸಿಕ್ಕಿತು: ಸೊಪ್ಪು ಕೊಯ್ಯುವಾಗ, ಹಸು ಕೊಟ್ಟಿಗೆ ತೊಳೆಯುವಾಗ, ಡೇರಿ ಮುಂದೆ ಕ್ಯಾನ್ ಇಟ್ಟು ನಿಂತಾಗ, ಫ್ಯಾಕ್ಟರಿ ಬಸ್ಸಿನಲ್ಲಿ. ಕಣ್ಣು, ಕೈ, ತಲೆ ಮೂರೂ ಒಟ್ಟಿಗೆ ಖಾಲಿ ಇರುವ ಹೊತ್ತು ವಾರಕ್ಕೆ 3 ಗಂಟೆ ಕೂಡ ಇಲ್ಲ. ಮೂರು ಭಾಷೆಯ ವ್ಯಾಕರಣವನ್ನೂ ನಾವು ಆ 3 ಗಂಟೆಗೇ ತುರುಕಲು ನೋಡಿದ್ದೆವು, 11 ಗಂಟೆಯನ್ನು ಹಾಗೇ ಬಿಟ್ಟಿದ್ದೆವು.

ದಾರಿ ತೋರಿಸಿದ್ದು ಅವಳ ಅತ್ತೆ. ಅವರಿಗೆ ಅದು ಗೊತ್ತೂ ಇಲ್ಲ. ಒಂದು ಭಾನುವಾರ ನಾನು ಅಲ್ಲಿದ್ದೆ. ಅವರು ಮೊಮ್ಮಗಳ ಜೊತೆ ತೆಲುಗಿನಲ್ಲಿ ಮಾತಾಡುತ್ತಿದ್ದರು. ನನ್ನನ್ನು ನೋಡಿ ಕನ್ನಡಕ್ಕೆ ತಿರುಗಿದರು. ಕೆಜಿಎಫ್ ಕಡೆಯಿಂದ ಬಂದ ಹಣ್ಣಿನವನ ಜೊತೆ ತಮಿಳಿನಲ್ಲಿ ಚೌಕಾಸಿ ಮಾಡಿದರು. ಗೂಡಿನ ಲೆಕ್ಕಕ್ಕೆ ಫೋನ್ ಮಾಡಿದ ರೀಲರ್ (ಗೂಡು ಕೊಂಡು ನೂಲು ತೆಗೆಯುವವನು) ಹತ್ತಿರ ಉರ್ದುವಿನಲ್ಲಿ ಹಠ ಹಿಡಿದರು. ನಾಲ್ಕು ಭಾಷೆ, ಅರ್ಧ ಗಂಟೆಯೊಳಗೆ. ಕೋಲಾರದಲ್ಲಿ ಇದೇನು ವಿಶೇಷವಲ್ಲ ಬಿಡಿ, ನಮ್ಮಲ್ಲಿ ಮನೆಮನೆಯಲ್ಲೂ ಹೀಗೇ. ಆದರೆ ಅವತ್ತು ನನಗೆ ಹೊಳೆದದ್ದು ಬೇರೆ. ಇವರು ಯಾವ ಭಾಷೆಗೂ ಗಂಟೆ ಇಟ್ಟಿಲ್ಲ. ಒಂದೊಂದು ಭಾಷೆಗೆ ಒಂದೊಂದು ಜಾಗ ಇದೆ, ಒಬ್ಬ ಮನುಷ್ಯ ಇದ್ದಾನೆ. ಆ ಜಾಗಕ್ಕೆ ಹೋದರೆ ಭಾಷೆ ತಾನಾಗೇ ಬಾಯಿಗೆ ಬರುತ್ತದೆ.

ಅವತ್ತೇ ಗೋಡೆಯ ಕಾರ್ಡ್‌ಶೀಟ್ ತೆಗೆದೆವು. ಜಪಾನಿಗೆ ಬಸ್ಸು ಮತ್ತು ಫ್ಯಾಕ್ಟರಿ. ಹೋಗುವಾಗ 40 ನಿಮಿಷ, ಬರುವಾಗ 40 ನಿಮಿಷ. ಹೋಗುವಾಗ ಮಾತ್ರ ಓದು, ಬರುವಾಗ ನಿದ್ದೆ. ಆ ನಿದ್ದೆಯನ್ನು ನಾನೇ ಹಠ ಮಾಡಿ ಉಳಿಸಿದೆ. ಜರ್ಮನ್‌ಗೆ ಹಿಪ್ಪುನೇರಳೆ ತೋಟ, ಮನುಷ್ಯಳು ನಾದಿನಿ. ತೋಟದ ಬದು ದಾಟಿದರೆ ಇಬ್ಬರೂ ಕನ್ನಡ, ತೆಲುಗು ಎರಡೂ ಆಡಬಾರದು. ಗೊತ್ತಿಲ್ಲದ ಪದಕ್ಕೆ ಕೈಸನ್ನೆ. ಸ್ಪ್ಯಾನಿಷ್‌ಗೆ ಜಾಗವೂ ಸಿಗಲಿಲ್ಲ, ಮನುಷ್ಯನೂ ಸಿಗಲಿಲ್ಲ. ಅದನ್ನು ಬಿಟ್ಟುಬಿಡು ಅಂತ ಹೇಳಲು ನನಗೆ ಮನಸ್ಸಾಗಲಿಲ್ಲ. ರೇಷ್ಮೆ ಮೊಟ್ಟೆಯನ್ನು ಬೇಕಾದಾಗ ಮರಿ ಆಗಲಿ ಅಂತ ಶೀತಲಗೃಹದಲ್ಲಿ ಇಡುತ್ತಾರಲ್ಲ, ಹಾಗೆ ಇಡೋಣ ಅಂದಳು ಅವಳೇ. ಕಲಿತಿದ್ದ 150 ಪದದ ಕಾರ್ಡ್‌ಗಳನ್ನು ನಿಲ್ಲಿಸಿ ಇಟ್ಟೆವು. ಅಳಿಸಲಿಲ್ಲ.

ಇನ್ನು ಬೆಳೆಯ ಲೆಕ್ಕ. ಅವರು ಎರಡನೇ ಜ್ವರ ಎದ್ದ ಚಾಕಿ ಹುಳು, ಅಂದರೆ ಬೇರೆ ಕಡೆ ಸಾಕಿದ ಮರಿ ಹುಳು, ತರುತ್ತಾರೆ. ಅಲ್ಲಿಂದ ಗೂಡು ಬಿಡಿಸುವವರೆಗೆ ಸುಮಾರು ಮೂರು ವಾರ. ಆ ಮೂರು ವಾರದ ಒಳಗೆ ಯಾವ ದಿನ ಸುಲಭ, ಯಾವ ದಿನ ಕಷ್ಟ ಅಂತ ಮನೆಯವರಿಗೆಲ್ಲ ಮೊದಲೇ ಗೊತ್ತು. ಹಾಗಾಗಿ ಓದಿನ ಏರಿಳಿತವನ್ನು ಕ್ಯಾಲೆಂಡರ್ ತಾರೀಕಿಗೆ ಕಟ್ಟದೆ ಹುಳುವಿಗೆ ಕಟ್ಟಿದೆವು. ನಾಲ್ಕನೇ ಜ್ವರಕ್ಕೆ ಒಂದು ವಾರ ಮೊದಲೇ ಹೊಸ ಕಾರ್ಡ್ ಸೊನ್ನೆಗೆ ಇಳಿಸಬೇಕು. ಆಗ ಬಾಕಿ ತಾನಾಗೇ ಕರಗುತ್ತಾ ಬಂದು, ಕಷ್ಟದ ವಾರದಲ್ಲಿ ದಿನಕ್ಕೆ 10 ನಿಮಿಷದ ಕೆಲಸ ಮಾತ್ರ ಉಳಿಯುತ್ತದೆ. ಹುಳು ಹಣ್ಣಾಗಿ ಚಂದ್ರಿಕೆಗೆ (ಗೂಡು ಕಟ್ಟಲು ಬಿಡುವ ತಟ್ಟಿ) ಬಿಟ್ಟ ಮೇಲೆ ಗೂಡು ಕಟ್ಟುವ ಐದಾರು ದಿನ ಕೆಲಸ ಕಮ್ಮಿ. ಕೂತು ಮಾಡುವ ಓದೆಲ್ಲ ಆಗ: ಕಾಂಜಿ (ಜಪಾನಿಯಲ್ಲಿ ಬಳಸುವ ಚೀನೀ ಅಕ್ಷರ) ಬರೆಯುವುದು, ವ್ಯಾಕರಣ, ಮಾದರಿ ಪರೀಕ್ಷೆ. ಮೂರನೇ ಜ್ವರ, ನಾಲ್ಕನೇ ಜ್ವರಕ್ಕೆ ಹುಳು ಕೂತ ಎರಡು ದಿನ ಸೊಪ್ಪಿನ ಕೆಲಸ ಇಲ್ಲದೆ ನಾದಿನಿಗೂ ಬಿಡುವು, ಆ ದಿನ ಇಬ್ಬರಿಗೂ ಜರ್ಮನ್.

ಅಮೆರಿಕದ ವಿದೇಶಾಂಗ ಇಲಾಖೆಯ ತರಬೇತಿ ಸಂಸ್ಥೆಯವರು ಜಪಾನಿ ಕಲಿಯಲು ತರಗತಿಯಲ್ಲೇ 2,200 ಗಂಟೆ ಬೇಕು ಅಂತ ಲೆಕ್ಕ ಕೊಡುತ್ತಾರೆ. ಇದನ್ನು ಓದಿ ತಂಗಿ ಹೆದರಿದ್ದಳು. ಆದರೆ ಅದು ಇಂಗ್ಲಿಷ್ ಮನೆಮಾತಿನವರಿಗೆ ಹಾಕಿದ ಲೆಕ್ಕ. ನಮ್ಮ ಭಾಷೆಗಳಿಂದ ಹೊರಟವರಿಗೆ ದಾರಿ ಬೇರೆ. ಇದನ್ನು ನಾನು ಕನ್ನಡ ಮೇಷ್ಟ್ರಾಗಿ ಎದೆ ತಟ್ಟಿ ಹೇಳುತ್ತೇನೆ.

ಅವಳು ಇಂಗ್ಲಿಷ್ ಪುಸ್ತಕ ಇಟ್ಟುಕೊಂಡು ಜಪಾನಿ ಓದುತ್ತಿದ್ದಳು. ಕರ್ಮ ಮೊದಲು, ಕ್ರಿಯಾಪದ ಕೊನೆಗೆ, ಇದು ವಿಚಿತ್ರ, ಅಭ್ಯಾಸ ಮಾಡಿ ಅಂತ ಅದರಲ್ಲಿ ಪುಟಗಟ್ಟಲೆ ಇದೆ. ನಮಗೆ ಅದರಲ್ಲಿ ವಿಚಿತ್ರ ಏನಿದೆ? 'ವತಶಿ ವ ಮಿಜು ಒ ನೊಮಿಮಸು.' ನಾನು ನೀರನ್ನು ಕುಡಿಯುತ್ತೇನೆ. ಪದದ ಸಾಲು ಒಂದೂ ಅಲುಗಿಲ್ಲ. 'ಒ' ಅಂದರೆ ನಮ್ಮ 'ಅನ್ನು'. 'ಟೋಕ್ಯೋ ನಿ' ಅಂದರೆ ಟೋಕಿಯೋಗೆ. 'ವತಶಿ ಮೊ' ಅಂದರೆ ನಾನೂ. 'ಇಕು ತೊ ಈಮಶಿತ' ಅಂದರೆ 'ಹೋಗ್ತೀನಿ ಅಂತ ಹೇಳಿದ', ಆ 'ಅಂತ' ಕೂಡ ಅದೇ ಜಾಗದಲ್ಲಿ ಕೂತಿದೆ. 'ಕಿನೋ ಕತ್ತ ಹೊನ್' ಅಂದರೆ ನಿನ್ನೆ ಕೊಂಡ ಪುಸ್ತಕ. ಇಂಗ್ಲಿಷಿನಲ್ಲಿ ಇದನ್ನು ಹಿಂದುಮುಂದು ಮಾಡಿ ಹೇಳಬೇಕು, ನಮಗೆ ಬೇಡವೇ ಬೇಡ. ಹ್ರಸ್ವ, ದೀರ್ಘ, ಒತ್ತಕ್ಷರ ತಪ್ಪಿದರೆ ಜಪಾನಿಯಲ್ಲಿ ಅರ್ಥವೇ ಬದಲು. 'ಒಬಸನ್' ಅಂದರೆ ಅತ್ತೆ ಅಥವಾ ಚಿಕ್ಕಮ್ಮ, 'ಒಬಾಸನ್' ಅಂದರೆ ಅಜ್ಜಿ. ಕಾಗುಣಿತ ಕಲಿತ ಕಿವಿಗೆ ಈ ವ್ಯತ್ಯಾಸ ಪುಕ್ಕಟೆ ಸಿಗುತ್ತದೆ. ಹಾಗಾಗಿ ಅವಳ ಟಿಪ್ಪಣಿಯನ್ನೆಲ್ಲ ಕನ್ನಡಕ್ಕೆ ತಿರುಗಿಸಿದೆವು. ಅಲ್ಲಿಂದ ಅವಳ ವೇಗ ನಿಜಕ್ಕೂ ಬದಲಾಯಿತು.

ಒಂದು ಸಂಜೆ ಅಡುಗೆಮನೆಯಲ್ಲಿ ಅವಳು ಜೋರಾಗಿ ಓದುತ್ತಿದ್ದಳು. 'ತಬೆತೆ ಮಿರು.' ತಬೆತೆ ಅಂದರೆ ತಿಂದು. ಮಿರು ಅಂದರೆ ನೋಡು. ಅಷ್ಟರಲ್ಲಿ ಅತ್ತೆ ಮುದ್ದೆ ತೊಳಸುತ್ತಾ 'ಅಂದರೇನಮ್ಮ ಅದು?' ಅಂದರು. 'ರುಚಿ ಹೇಗಿದೆ ತಿಂದು ನೋಡು ಅಂತೀವಲ್ಲ ಅತ್ತೆ, ಅದು.' ಅತ್ತೆ ಕೋಲು ನಿಲ್ಲಿಸಿದರು. 'ನಾವೂ ತಿನಿ ಚೂಡು ಅಂತಲೇ ಅಲ್ವಾ ಅನ್ನೋದು. ತಮಿಳಿನವರೂ ಸಾಪ್ಟು ಪಾರು ಅಂತಾರೆ. ಕಣ್ಣಲ್ಲಿ ನೋಡೋದಲ್ಲ ಅದು.' ಅವರಿಗೆ ವ್ಯಾಕರಣ ಯಾರೂ ಹೇಳಿಕೊಟ್ಟಿಲ್ಲ. ಇಂಗ್ಲಿಷ್ ಪುಸ್ತಕ ಒಂದು ಅಧ್ಯಾಯ ಮಾಡಿ ವಿವರಿಸಿದ್ದನ್ನು ಅವರು ಒಲೆ ಮುಂದೆ ಒಂದೇ ಮಾತಿನಲ್ಲಿ ಮುಗಿಸಿದರು.

ಮಗಳದ್ದೂ ಒಂದು ಪಾತ್ರ ಇದೆ. ಅವಳು ಕ ಕಾ ಕಿ ಕೀ ಬರೆಯುವಾಗ ಪಕ್ಕದಲ್ಲಿ ಅಮ್ಮ ಹಿರಗಾನಾ ಬರೆಯುತ್ತಿದ್ದಳು: ಕ ಕಿ ಕು ಕೆ ಕೊ, ಸ ಶಿ ಸು ಸೆ ಸೊ. ಒಂದೇ ಮೇಜು. ಜಪಾನಿ ಅಕ್ಷರಗಳ ಈ ಸಾಲು ಸುಮ್ನೆ ಹೀಗಿಲ್ಲ, ಬೌದ್ಧ ಭಿಕ್ಷುಗಳ ಮೂಲಕ ಅಲ್ಲಿಗೆ ಹೋದ, ಸಂಸ್ಕೃತ ಬರೆಯುವ ಸಿದ್ಧಂ ಲಿಪಿಯ ವರ್ಣಮಾಲೆಯ ಕ್ರಮದ ಪ್ರಭಾವ ಅದು. 46 ಮೂಲ ಅಕ್ಷರವನ್ನು ತಂಗಿ ಹನ್ನೊಂದು ದಿನದಲ್ಲಿ ಮುಗಿಸಿದಳು. ಕಾಂಜಿ ಮಾತ್ರ ಹಾಗಲ್ಲ. ಅಲ್ಲಿ ಕನ್ನಡ ಕೈ ಹಿಡಿಯಲ್ಲ. ಬರೆದು ಬರೆದೇ ಕಲಿಯಬೇಕು, ಅದಕ್ಕೆ ಗೂಡು ಕಟ್ಟುವ ವಾರವೇ ಬೇಕು.

ಜರ್ಮನ್‌ನಲ್ಲಿ ಕಷ್ಟ ಲಿಂಗದ್ದು. ನಮ್ಮಲ್ಲಿ ಗಂಡು, ಹೆಣ್ಣು, ವಸ್ತು ಅರ್ಥದಿಂದಲೇ ಗೊತ್ತಾಗುತ್ತೆ. ಅಲ್ಲಿ ಸೂರ್ಯ ಸ್ತ್ರೀಲಿಂಗ, ಚಂದ್ರ ಪುಲ್ಲಿಂಗ, ಹುಡುಗಿ ನಪುಂಸಕ. ಪದದ ಹಿಂದೆ ಪುಲ್ಲಿಂಗಕ್ಕೆ ಡೇರ್, ಸ್ತ್ರೀಲಿಂಗಕ್ಕೆ ಡೀ, ನಪುಂಸಕಕ್ಕೆ ದಾಸ್ ಬರುತ್ತದೆ, ಮೂರರಲ್ಲಿ ಯಾವುದು ಅಂತ ಪದದ ಜೊತೆಗೇ ಬಾಯಿಪಾಠ. ಅತ್ತಿಗೆ ನಾದಿನಿ ಇದಕ್ಕೆ ತೋಟದಲ್ಲೇ ಒಂದು ಉಪಾಯ ಮಾಡಿಕೊಂಡರು. ಡೇರ್ ಪದ ಹೇಳಿದರೆ ಬಲಗಡೆ ಗಿಡದ ರೆಂಬೆ ಕೊಯ್ಯಬೇಕು, ಡೀ ಅಂದರೆ ಎಡಗಡೆ, ದಾಸ್ ಅಂದರೆ ಮುಂದಿನದು. ಈಗಲೂ ತಂಗಿಗೆ ಲಿಂಗ ಮರೆತರೆ ಕೈ ಯಾವ ಕಡೆಗೆ ಹೋಯಿತು ಅಂತ ನೋಡಿಕೊಳ್ಳುತ್ತಾಳೆ.

ಜಪಾನಿ ಪರೀಕ್ಷೆ ಜೆಎಲ್‌ಪಿಟಿ ಜುಲೈ, ಡಿಸೆಂಬರ್ ತಿಂಗಳ ಮೊದಲ ಭಾನುವಾರ ಇರುತ್ತದೆ. ಐದು ಮಟ್ಟ, ಎನ್5 ಎಲ್ಲಕ್ಕಿಂತ ಸುಲಭ, ಎನ್1 ಕಷ್ಟ. 2022ರ ಡಿಸೆಂಬರ್ 4ರಂದು ಬೆಂಗಳೂರಿಗೆ ಹೋಗಿ ಎನ್5 ಬರೆದಳು, ಪಾಸಾದಳು. 2023ರ ಡಿಸೆಂಬರ್ 3ರಂದು ಎನ್4. ಅದರಲ್ಲಿ ಫೇಲ್.

ಈ ಫೇಲ್ ಬಗ್ಗೆ ಹೇಳಲೇಬೇಕು. ಎನ್4ಗೆ 180ಕ್ಕೆ 90 ಬಂದರೆ ಸಾಕು. ಅವಳಿಗೆ 99 ಬಂದಿತ್ತು. ಆದರೆ ಒಟ್ಟು ಅಂಕ ಒಂದೇ ಸಾಲದು, ಕೇಳುವ ಭಾಗದಲ್ಲಿ 60ಕ್ಕೆ 19 ಪ್ರತ್ಯೇಕವಾಗಿ ಬರಬೇಕು. ಅವಳಿಗೆ ಬಂದದ್ದು 17. ಎರಡು ಅಂಕ. ಅವಳು ಒಂದು ದಿನ ಯಾರ ಜೊತೆಗೂ ಮಾತಾಡಲಿಲ್ಲ. ನಾನು ಹಾಲಿನ ಲೆಕ್ಕದ ಪುಸ್ತಕವನ್ನೇ ಮತ್ತೆ ತೆಗೆಸಿದೆ. ಆ ವರ್ಷ ನಾದಿನಿಗೆ ಬಿ1 ಪರೀಕ್ಷೆ ಹತ್ತಿರ ಬಂದಿತ್ತು. ತೋಟ, ಕೊಟ್ಟಿಗೆ, ಡೇರಿ ಎಲ್ಲ ಕಡೆಗೂ ಜರ್ಮನ್ ಹರಡಿಕೊಂಡಿತ್ತು. ಜಪಾನಿಗೆ ಉಳಿದದ್ದು ಬಸ್ಸು. ಬಸ್ಸಿನಲ್ಲಿ ಅವಳು ಮಾಡುತ್ತಿದ್ದದ್ದು ಕಣ್ಣಿನ ಓದು. ಅಂದರೆ ಹೆಚ್ಚುಕಮ್ಮಿ ಇಡೀ ವರ್ಷ ಕಿವಿ ಪೂರ್ತಿ ಜರ್ಮನ್‌ದು, ಕಣ್ಣು ಪೂರ್ತಿ ಜಪಾನಿದು. ಅಂಕಪಟ್ಟಿ ಅದನ್ನೇ ಬರೆದು ಕಳಿಸಿತ್ತು.

ಅದಕ್ಕೆ ಮದ್ದು ಜಾಸ್ತಿ ಸಮಯ ಅಲ್ಲ. ಎರಡು ಭಾಷೆಯನ್ನೂ ಒಟ್ಟಿಗೆ ಒಂದೇ ಬಿರುಸಿನಲ್ಲಿ ಬೆಳೆಸಬಾರದು, ಇಷ್ಟೇ. ಒಂದು ಬೆಳೆಗೆ ಒಂದು ಭಾಷೆ ಮುಖ್ಯ. ಆ ಭಾಷೆಗೆ ಹೊಸ ಪದ, ಹೊಸ ಪಾಠ, ಕಿವಿ, ಕಣ್ಣು ಎಲ್ಲ. ಇನ್ನೊಂದು ಭಾಷೆ ಜ್ವರಕ್ಕೆ ಕೂತ ಹಾಗೆ, ಹಳೆಯ ಕಾರ್ಡ್ ಐದು ನಿಮಿಷ ನೋಡಿದರೆ ಸಾಕು, ಬಲವಂತವಾಗಿ ತಿನ್ನಿಸಬಾರದು. ಮುಂದಿನ ಬೆಳೆಗೆ ಅದಲು ಬದಲು. ಕೊಟ್ಟಿಗೆ ಹೊತ್ತು ಮಾತ್ರ ಏನೇ ಆದರೂ ಜಪಾನಿ ಕೇಳುವುದಕ್ಕೆ ಅಂತ ಮೀಸಲು. ಕೇಳಿದ್ದನ್ನೇ ಹತ್ತು ಸಲ ಕೇಳಬೇಕು, ಹೊಸದು ಹುಡುಕಬಾರದು, ಕೇಳಿಸಿದ್ದನ್ನು ಹಸುವಿನ ಮುಂದೆ ನಿಂತು ಜೋರಾಗಿ ಹೇಳಬೇಕು. ಫ್ಯಾಕ್ಟರಿಯಲ್ಲೂ ಒಂದು ಬದಲಾವಣೆ ಮಾಡಿಕೊಂಡಳು. ಜಪಾನಿನವರು ಬಂದಾಗ ದುಭಾಷಿ ಇದ್ದರೂ ಮೊದಲನೇ ವಾಕ್ಯ ತಾನೇ ಹೇಳಬೇಕು ಅಂತ. ಒಂದು ಸಲ ಒಬ್ಬ ಹಿರಿಯ ಎಂಜಿನಿಯರ್ ಅವಳ ವಾಕ್ಯವನ್ನು ಪೂರ್ತಿ ಕೇಳಿಸಿಕೊಂಡು, ತಲೆ ಬಗ್ಗಿಸಿ, ನಿಧಾನವಾಗಿ ಜಪಾನಿಯಲ್ಲೇ ಉತ್ತರ ಕೊಟ್ಟರಂತೆ. ಅವತ್ತು ಬರುವ ಬಸ್ಸಿನಲ್ಲಿ ಅವಳು ನಿದ್ದೆ ಮಾಡಲಿಲ್ಲ.

2024ರ ಡಿಸೆಂಬರ್ 1ರ ಪರೀಕ್ಷೆ ಮಧ್ಯಾಹ್ನದ ಶಿಫ್ಟ್ ವಾರದ ಕೊನೆಗೆ ಬಿತ್ತು. ಬೆಳೆಯನ್ನು ಮಾತ್ರ ಮನೆಯವರೆಲ್ಲ ಸೇರಿ ಹತ್ತು ದಿನ ಮುಂದಕ್ಕೆ ಹಾಕಿದ್ದರು. ಚಾಕಿ ಹುಳು ತಡವಾಗಿ ತರೋಣ ಅಂತ ಮೊದಲು ಹೇಳಿದ್ದು ಅವಳ ಗಂಡ. ಫಲಿತಾಂಶ ಬಂದಾಗ ಒಟ್ಟು 112, ಕೇಳುವ ಭಾಗದಲ್ಲಿ 31.

ನಾದಿನಿ ಬಿ1ರಲ್ಲಿ ಓದು, ಕೇಳುವಿಕೆ, ಬರವಣಿಗೆ ಮೂರೂ ಮೊದಲ ಸಲವೇ ಪಾಸು, ಮಾತು ಮಾತ್ರ ಉಳಿದಿತ್ತು. ಆ ಪರೀಕ್ಷೆಯಲ್ಲಿ ಉಳಿದ ಭಾಗವನ್ನಷ್ಟೇ ಮತ್ತೆ ಬರೆಯಬಹುದು. ಎರಡನೇ ಸಲ ಅದೂ ಆಯಿತು. ಈಗ ಬಿ2 ಓದುತ್ತಿದ್ದಾಳೆ. ತಂಗಿಯ ಜರ್ಮನ್ ಎ1ರ ಮೇಲೆ, ಎ2ರ ಕೆಳಗೆ ಎಲ್ಲೋ ಇದೆ. ಪರೀಕ್ಷೆ ಬೇಕಿಲ್ಲ, ತೋಟದಲ್ಲಿ ಜೊತೆ ಕೊಡುವಷ್ಟು ಇದ್ದರೆ ಸಾಕು ಅಂತಾಳೆ. ಆ ಮಾತು ನನಗೆ ತುಂಬಾ ಸರಿ ಅನಿಸಿದೆ. ಪ್ರತಿ ಭಾಷೆಯಲ್ಲೂ ಮೇಲಿನ ಮೆಟ್ಟಿಲು ಹತ್ತಲೇಬೇಕು ಅಂತ ಯಾರು ಹೇಳಿದ್ದು?

ಹೋದ ತಿಂಗಳು ಫ್ಯಾಕ್ಟರಿಗೆ ಸ್ಪೇನ್‌ನಿಂದ ಒಬ್ಬ ಹುಡುಗಿ ಆರು ತಿಂಗಳ ತರಬೇತಿಗೆ ಬಂದಿದ್ದಾಳೆ. ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ತಂಗಿಯ ಎದುರಿಗೇ ಕೂರುತ್ತಾಳಂತೆ. ನಿನ್ನೆ ರಾತ್ರಿ ಮೆಸೇಜ್ ಬಂತು: 'ಅಕ್ಕ, ಹುಳು ಚಂದ್ರಿಕೆಗೆ ಬಿಟ್ಟಾಯ್ತು. ಸ್ಪ್ಯಾನಿಷ್ ಮೊಟ್ಟೆ ಹೊರಗೆ ತೆಗೀಲಾ?' ತೆಗಿ ಅಂತ ಬರೆದೆ, ಜಪಾನಿಯ ಹೊಸ ಕಾರ್ಡ್ ಮೊದಲು ನಿಲ್ಲಿಸು ಅಂತಲೂ ಬರೆದೆ.